ಪೀಪಿ ಮೇಷ್ಟ್ರ ಉದ್ದನೆಯ ನಿಮಿಷ

ನಮ್ಮ ಯಜಮಾನರು ದೇವರನ್ನು ನಂಬಿದವರೂ ಅಲ್ಲ, ಬಿಟ್ಟವರೂ ಅಲ್ಲ. ಅವರಿಗೂ ದೇವರಿಗೂ ನಡುವೆ ಒಂದು ಮರ್ಯಾದಸ್ಥರ ಒಪ್ಪಂದವಿತ್ತು. ಅವನ ತಂಟೆಗೆ ಇವರು ಹೋಗುತ್ತಿರಲಿಲ್ಲ, ಇವರ ತಂಟೆಗೆ ಅವನು ಬರುತ್ತಿರಲಿಲ್ಲ. ಇಂಥ ಮನುಷ್ಯನ ಮೇಲೆ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಂದ ಪ್ರಾರ್ಥನೆ ಮಾಡಿಸಿದ ಆರೋಪ ಬಂತು. ಯಾವ ಮತದ ಪ್ರಾರ್ಥನೆ ಎಂಬ ವಿಷಯದಲ್ಲಿ ಮಾತ್ರ ದೂರು ಕೊಟ್ಟವರಲ್ಲಿ ಒಮ್ಮತವಿರಲಿಲ್ಲ.

ಇವರು ಆ ಶಾಲೆಯ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಸದಾ ಒಂದು ಪೀಪಿ ನೇತಾಡುತ್ತಿರುವುದರಿಂದ ಮಕ್ಕಳು ಪೀಪಿ ಮೇಷ್ಟ್ರು ಎನ್ನುತ್ತಾರೆ. ಈಗೀಗ ಮಕ್ಕಳ ತಂದೆತಾಯಂದಿರೂ ಹಾಗೇ ಕರೆಯುತ್ತಾರೆ. ಕೆಲಸಕ್ಕೆ ಸೇರಿದಾಗಿನಿಂದ ಹಂಗಾಮಿ. ಈ ವರ್ಷ ಕಾಯಂ ಆಗುವ ಮಾತಿತ್ತು. "ಇನ್ನೇನಿಲ್ಲ, ಸ್ವಲ್ಪ ದಿನ ಯಾವ ರಗಳೆಯೂ ಇಲ್ಲದೆ ಇದ್ದುಬಿಡಿ ಮೇಷ್ಟ್ರೇ," ಎಂದು ಹೆಡ್ ಮಿಸ್ಸು ಹೇಳಿದ್ದರು. ಆ ಮಾತು ಕೇಳಿದ ದಿನದಿಂದ ನನಗೆ ಊಟ ಸೇರಲಿಲ್ಲ. ರಗಳೆಯಿಲ್ಲದೆ ಇರಿ ಎಂದು ಇವರಿಗೆ ಹೇಳುವುದೂ ಒಂದೇ, ನೀರಿಗೆ ಒದ್ದೆಯಾಗಬೇಡ ಎನ್ನುವುದೂ ಒಂದೇ.

ಅಲ್ಲಿ ಬೆಳಗಿನ ಪ್ರಾರ್ಥನೆಯದ್ದು ದೊಡ್ಡ ಕಥೆ. ಮೊದಲು ಒಂದು ಪ್ರಾರ್ಥನೆ ಇತ್ತು. ಅದು ನಿಮ್ಮದು, ನಮ್ಮದಲ್ಲ ಎಂದು ಕೆಲವರು ಎದ್ದರು. ಸರಿ, ಎರಡೂ ಇರಲಿ ಎಂದರು. ಯಾವುದು ಮೊದಲು ಎಂಬ ಪ್ರಶ್ನೆ ಬಂತು. ದಿನ ಬಿಟ್ಟು ದಿನ ಎಂದು ತೀರ್ಮಾನವಾಯಿತು. ಆಮೇಲೆ ರಜೆಗಳೆಲ್ಲ ನಮ್ಮ ದಿನವೇ ಯಾಕೆ ಬೀಳುತ್ತವೆ ಎಂದು ಒಂದು ಕಡೆಯವರು ಲೆಕ್ಕ ಹಾಕಿ ತಂದರು. ದೇವರ ಹೆಸರಿನಲ್ಲಿ ಕ್ಯಾಲೆಂಡರ್ ಹರಿದುಹೋದ ಮೇಲೆ ಮೇಲಿನಿಂದ ಒಂದು ಆದೇಶ ಬಂತು: ಇನ್ನು ಮುಂದೆ ಯಾವ ಪ್ರಾರ್ಥನೆಯೂ ಇಲ್ಲ. ಬೆಳಿಗ್ಗೆ ಎಲ್ಲರೂ ಕಣ್ಣುಮುಚ್ಚಿ ಒಂದು ನಿಮಿಷ ಮೌನವಾಗಿ ನಿಲ್ಲತಕ್ಕದ್ದು. ಆ ನಿಮಿಷದಲ್ಲಿ ಮಗು ತನ್ನ ದೇವರನ್ನು ನೆನೆಯಬಹುದು, ದೇವರಿಲ್ಲವೆಂದು ನೆನೆಯಬಹುದು, ಹತ್ತೊಂಬತ್ತರ ಮಗ್ಗಿಯನ್ನಾದರೂ ನೆನೆಯಬಹುದು. ಯಾವ ಶಿಕ್ಷಕರೂ ಮುಂದೆ ನಿಂತು ಹೇಳಿಕೊಡಕೂಡದು. ಮತ್ತು ಬಹಳ ಮುಖ್ಯವಾಗಿ, ಆ ನಿಮಿಷದಲ್ಲಿ ಏನನ್ನು ನೆನೆದೆ ಎಂದು ಯಾರೂ ಯಾರನ್ನೂ ಕೇಳಕೂಡದು.

ಹೆಡ್ ಮಿಸ್ಸು ಆ ಕೊನೆಯ ಸಾಲನ್ನು ಗೇಟಿನ ಪಕ್ಕದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದರು. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವಳು, ಗೋಡೆ ಬರಹವನ್ನೂ ತಿದ್ದುವ ಕಣ್ಣಿನಿಂದಲೇ ಓದುತ್ತೇನೆ. ಅದು ನಿಜಕ್ಕೂ ಒಳ್ಳೆಯ ವಾಕ್ಯ. ಆ ಒಳ್ಳೆಯ ವಾಕ್ಯವೇ ಮುಂದೆ ನಮ್ಮ ಕುತ್ತಿಗೆಗೆ ಬರುತ್ತದೆಂದು ನನಗೆ ಹೊಳೆಯಲಿಲ್ಲ; ಬೇರೆ ಏನೇನೋ ಕುತ್ತಿಗೆಗೆ ಬರುತ್ತದೆಂದು ಹೆದರುತ್ತಾ ಕುಳಿತಿದ್ದೆ.

ನಿಮಿಷ ಮುಗಿಯಿತೆಂದು ತಿಳಿಸಲು ಪೀಪಿ ಊದುವುದು ಇವರ ಕೆಲಸ. ಇಡೀ ಆದೇಶದಲ್ಲಿ ಇವರ ಪಾಲಿಗೆ ಬಂದದ್ದು ಅಷ್ಟೇ.

ಈಗ ನಮ್ಮ ಮನೆಯ ನಲ್ಲಿಯ ವಿಷಯ ಹೇಳಬೇಕು. ನಾವಿರುವುದು ಮಹಡಿ ಮೇಲೆ, ಬಾಡಿಗೆಗೆ. ಕೆಳಗೆ ಓನರಮ್ಮ. ಒಮ್ಮೆ ನೀರು ನಿಂತಿದ್ದ ಹೊತ್ತಿನಲ್ಲಿ ಇವರು ಬಚ್ಚಲಿನ ನಲ್ಲಿ ತಿರುಗಿಸಿ, ಬರಲಿಲ್ಲವೆಂದು ಹಾಗೇ ಬಿಟ್ಟು ಶಾಲೆಗೆ ಹೋದರು. ಮಧ್ಯಾಹ್ನ ನೀರು ಬಂತು. ನೀರು ತನ್ನ ಕೆಲಸ ಮಾಡಿತು. ಮಲಗಿದ್ದ ಓನರಮ್ಮನ ಮೇಲೆ ಅವರದೇ ಮನೆಯ ತಾರಸಿ ತೊಟ್ಟಿಕ್ಕಿತು. ಅವರು ನೆನೆದ ದಿಂಬನ್ನು ಮಗುವಿನ ಹಾಗೆ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದು, "ಇನ್ನೊಂದು ಸಲ ಹೀಗಾದ್ರೆ ನಿಮ್ಮ ಪಾತ್ರೆಪಗಡಿ ಬೀದೀಲಿರುತ್ತೆ, ತಿಳ್ಕೊಳ್ಳಿ," ಎಂದು ಹೇಳಿ ಹೋದರು.

ಅಂದಿನಿಂದ ಇವರಿಗೆ ನಲ್ಲಿಯ ಚಿಂತೆ ಹಿಡಿಯಿತು. ಬೆಳಿಗ್ಗೆ ನಾನು ಬೇಗ ಹೊರಡುತ್ತೇನೆ, ಬೀಗ ಹಾಕುವವರು ಇವರು. ಶಾಲೆ ಮುಟ್ಟುವವರೆಗೆ ಏನೂ ಇಲ್ಲ. ಮೌನದ ನಿಮಿಷದಲ್ಲಿ ಕಣ್ಣುಮುಚ್ಚಿದರೋ ಇಲ್ಲವೋ, ನಲ್ಲಿ ಕಣ್ಮುಂದೆ ಬಂದು ನಿಲ್ಲುತ್ತದಂತೆ. ಆಗ ಇವರು ಮನಸ್ಸಿನಲ್ಲೇ ಮನೆಯನ್ನೆಲ್ಲ ಒಂದು ಸುತ್ತು ಸುತ್ತಿ ಬರುತ್ತಾರೆ. ಎಡಕ್ಕೆ ಮುಖ ತಿರುಗಿಸಿದರೆ ಅಡುಗೆಮನೆ: ಗ್ಯಾಸು ಮುಚ್ಚಿದೆ. ಬಲಕ್ಕೆ ಬಚ್ಚಲು: ನಲ್ಲಿ ನಿಂತಿದೆ. ತಲೆ ಬಗ್ಗಿಸಿದರೆ ಬಾಗಿಲಿನ ಕೆಳಗಿನ ಚಿಲಕ. ಕಡೆಗೆ ಎದೆಯ ಮೇಲೆ ಕೈಯಿಟ್ಟು ಜೇಬಿನಲ್ಲಿ ಬೀಗದ ಕೈ ಇದೆಯೇ ಎಂದು ನೋಡಿಕೊಳ್ಳುವುದು. ಒಂದು ಸುತ್ತಿನಲ್ಲಿ ಸಮಾಧಾನವಾಗದಿದ್ದರೆ ಇನ್ನೊಂದು ಸುತ್ತು. ಇದೆಲ್ಲ ನಡೆಯುವಾಗ ತುಟಿ ಪಿಟಿಪಿಟಿ ಅನ್ನುತ್ತಿರುತ್ತದೆ.

ಒಂದು ದಿನ ಬಲಕ್ಕೆ ತಿರುಗಿದ ಮುಖ ಬಚ್ಚಲಿನಲ್ಲೇ ಸಿಕ್ಕಿಹಾಕಿಕೊಂಡಿತು. ನಲ್ಲಿ ತಿರುಗಿಸಿದ್ದು ನೆನಪಿದೆ, ನಿಲ್ಲಿಸಿದ್ದು ನೆನಪಾಗುತ್ತಿಲ್ಲ. ಇವರು ಮತ್ತೆ ಮೊದಲಿನಿಂದ ಸುತ್ತಿದರು. ಮೈದಾನದಲ್ಲಿ ಮಕ್ಕಳೆಲ್ಲ ಕಣ್ಣುಮುಚ್ಚಿ ನಿಂತಿದ್ದಾರೆ. ಪೀಪಿ ಇಲ್ಲ. ಪುಟ್ಟ ಮಕ್ಕಳು ತೂಗಾಡತೊಡಗಿದರು. ಒಂದಿಬ್ಬರು ಕುಳಿತೇ ಬಿಟ್ಟರು. ಹೆಡ್ ಮಿಸ್ಸು ಒಂದು ಕಣ್ಣು ತೆರೆದು ಮತ್ತೆ ಮುಚ್ಚಿದರು. ಗೇಟಿನಾಚೆ ಮಕ್ಕಳನ್ನು ಬಿಡಲು ಬಂದಿದ್ದವರು ನಿಂತು ನೋಡಿದರು: ಬಿಸಿಲಿನಲ್ಲಿ ಒಬ್ಬ ಮನುಷ್ಯ, ಕಣ್ಣುಮುಚ್ಚಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ತಲೆಬಾಗಿ, ಎದೆಯ ಮೇಲೆ ಕೈಯಿಟ್ಟು, ಲೋಕದ ಪರಿವೆಯೇ ಇಲ್ಲದೆ ತುಟಿ ಅಲುಗಿಸುತ್ತಿದ್ದಾನೆ. ಆಗಾಗ ಮುಖದಲ್ಲಿ ಎಂಥದೋ ವೇದನೆ.

ಅಂತೂ ಪೀಪಿ ಊದಿದಾಗ ಮೊದಲ ಪಾಠದ ಅರ್ಧ ಹೊತ್ತು ಕಳೆದಿತ್ತು. ಯಾರೂ ಏನೂ ಕೇಳಲಿಲ್ಲ. ಕೇಳಕೂಡದೆಂದು ಗೋಡೆಯ ಮೇಲೇ ಬರೆದಿತ್ತಲ್ಲ.

ಕೇಳಲಿಲ್ಲ ನಿಜ, ಆದರೆ ಊಹಿಸಬಾರದೆಂದು ಎಲ್ಲಿಯೂ ಬರೆದಿರಲಿಲ್ಲ.

ಸಂಜೆ ನಾನು ಬರುವ ಹೊತ್ತಿಗೆ ಓನರಮ್ಮ ನಮ್ಮ ಮನೆಯಲ್ಲಿ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಅವರ ಮುಖದಲ್ಲಿ ಹಿಂದೆಂದೂ ಕಾಣದ ಒಂದು ಮೃದುತ್ವವಿತ್ತು. ನಾನು ಮೊದಲು ಬಚ್ಚಲಿಗೆ ಓಡಿ ನಲ್ಲಿ ನೋಡಿ ಬಂದೆ.

"ಮೇಷ್ಟ್ರೇ, ನೀವು ಇಂಥವರು ಅಂತ ನನಗೆ ಗೊತ್ತೇ ಇರಲಿಲ್ಲ. ಅವತ್ತು ದಿಂಬು ಹಿಡ್ಕೊಂಡು ಬಂದು ಏನೇನೋ ಅಂದುಬಿಟ್ಟೆ. ಮನಸ್ಸಿನಲ್ಲಿ ಇಟ್ಕೋಬೇಡಿ."

"ಛೆ ಛೆ, ಬಿಡಿ."

"ನನ್ನ ಈ ಮಂಡಿ ನೋಡಿ. ಮೆಟ್ಟಿಲು ಹತ್ತೋಕೇ ಆಗಲ್ಲ. ನಾಳೆ ನೀವು ನಿಂತಾಗ, ಅಲ್ಲಿ, ನನ್ನ ಮಂಡಿಯನ್ನೂ ಸ್ವಲ್ಪ ನೆನೆಸ್ಕೊಳ್ಳಿ."

ನಾನು ಬಾಗಿಲಲ್ಲಿ ನಿಂತು ಇವರ ಕಡೆ ಕಣ್ಣು ಮಾಡಿದೆ. ಹೇಳಿಬಿಡಿ, ಈಗಲೇ ಹೇಳಿಬಿಡಿ ಎಂದು. ಆದರೆ ಮದುವೆಯಾದ ಮೇಲೆ ಇವರನ್ನು ಯಾರೂ ಅಷ್ಟು ಗೌರವದಿಂದ ನೋಡಿರಲಿಲ್ಲ, ನಾನೂ ಸೇರಿ. ಇವರು ಪೀಪಿಯನ್ನು ಅಂಗಿಯೊಳಗೆ ಇಳಿಬಿಟ್ಟು, ಕಣ್ಣು ಅರೆಮುಚ್ಚಿ, "ಏನೋ, ನಮ್ಮ ಕೈಲಾದದ್ದು," ಎಂದರು.

ಆ ಮೂರು ಪದಗಳನ್ನು ನಾನು ಇವತ್ತಿಗೂ ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಲೇ ಇದ್ದೇನೆ.

ಅವರು ಇಳಿದುಹೋದ ಮೇಲೆ ಕೇಳಿದೆ, "ರೀ, ನಲ್ಲಿ ಅಂತ ಹೇಳೋಕೆ ಏನಾಗಿತ್ತು?"

"ಯಾರಿಗೆ? ಓನರಮ್ಮನಿಗಾ? ದಿನಾ ಬೆಳಿಗ್ಗೆ ನಲ್ಲಿ ನಿಲ್ಲಿಸಿದೀನೋ ಇಲ್ವೋ ನನಗೇ ಗೊತ್ತಿರಲ್ಲ ಅಂತ ಅವರಿಗೆ ಹೇಳ್ಲಾ? ನಾಳೆನೇ ಸಾಮಾನು ಬೀದಿಗೆ."

ಕೆಲಸ ಕಾಯಂ ಆಗುವ ಮುಂಚೆ ಮನೆ ಕಳೆದುಕೊಳ್ಳುವುದು ಸರಿಯೋ, ಮನೆ ಉಳಿಸಿಕೊಂಡು ಕೆಲಸ ಕಳೆದುಕೊಳ್ಳುವುದು ಸರಿಯೋ ಎಂದು ಯೋಚಿಸುತ್ತಾ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಮರುದಿನ ಓನರಮ್ಮನ ಮಂಡಿ ಮಡಿಸಲು ಬಂತು. ಯಾಕೆ ಬಂತೆಂದು ವೈದ್ಯಶಾಸ್ತ್ರ ಹೇಳಬೇಕು. ಓನರಮ್ಮ ಮಾತ್ರ ಬೀದಿಯ ಎರಡೂ ತುದಿಗೆ ನಡೆದುಹೋಗಿ ಹೇಳಿ ಬಂದರು.

ಶಾಲೆಯ ಎದುರಿಗೆ ಒಂದು ಮೆಡಿಕಲ್ ಶಾಪಿದೆ, ಪಕ್ಕದಲ್ಲೇ ಟೈಲರ್ ಅಂಗಡಿ. ಇಬ್ಬರದೂ ಬೇರೆ ಬೇರೆ ಮತ. ಇಬ್ಬರ ನಡುವೆ ಒಂದೇ ಗೋಡೆ. ಆ ಗೋಡೆಯಲ್ಲಿ ಯಾರ ಮೊಳೆ ಎಲ್ಲಿಯವರೆಗೆ ಹೋಗಬಹುದು ಎಂಬ ವ್ಯಾಜ್ಯ ಬಹುಕಾಲದಿಂದ ನಡೆದಿದೆ. ಮೆಡಿಕಲ್ ಶಾಪಿನವರು ಇವರನ್ನು ಒಳಗೆ ಕರೆದು ಸ್ಟೂಲು ಹಾಕಿ ಕೂರಿಸಿದರು. "ಎದೆ ಮೇಲೆ ಕೈ ಇಟ್ಟು ನಿಂತ್ರಲ್ಲ ಮೇಷ್ಟ್ರೇ, ನೋಡ್ದೆ. ಅದು ನಮ್ಮ ಹಿರಿಯರ ರೀತಿ. ನಾನು ಬಾಯಿ ಬಿಡಲ್ಲ, ನೀವೂ ಬಿಡಬೇಡಿ. ತಗೊಳ್ಳಿ, ಕೆಮ್ಮಿಗೆ ಒಳ್ಳೇದು," ಎಂದು ಒಂದು ಡಬ್ಬಿ ಜೇಬಿಗೆ ತುರುಕಿದರು. ಇವರಿಗೆ ಕೆಮ್ಮಿರಲಿಲ್ಲ. ಆದರೂ ಒಂದು ಸಲ ಕೆಮ್ಮಿದರು, ಕೃತಜ್ಞತೆಗೆ.

ಅಲ್ಲಿಂದ ಹೊರಗೆ ಬಂದರೆ ಟೈಲರ್ ಹೊಲಿಗೆ ಯಂತ್ರ ನಿಲ್ಲಿಸಿ ಎದ್ದು ನಿಂತ. "ಮೇಷ್ಟ್ರೇ, ಎಡಕ್ಕೊಂದ್ಸಲ, ಬಲಕ್ಕೊಂದ್ಸಲ ತಿರುಗಿ ತಲೆ ಬಗ್ಗಿಸಿದ್ರಿ. ನನ್ನ ಕಣ್ಣಲ್ಲಿ ನೀರು ಬಂತು. ನಮ್ಮವರಲ್ಲೇ ಎಷ್ಟೋ ಜನ ಅಷ್ಟು ಸರಿಯಾಗಿ ಮಾಡಲ್ಲ. ಅಂಗಿ ಕೊಡಿ ಇಲ್ಲಿ, ಗುಂಡಿ ಸಡಿಲಾಗಿದೆ."

ಇವರು ಅಂಗಿ ಕೊಟ್ಟು ಬನಿಯನ್ನಿನಲ್ಲಿ ನಿಂತುಕೊಂಡರು. ಎರಡು ಮತಗಳವರು ಒಂದೇ ಮಧ್ಯಾಹ್ನ ಒಬ್ಬನೇ ಮನುಷ್ಯನನ್ನು ತಮ್ಮವನೆಂದು ಒಪ್ಪಿಕೊಂಡ ಈ ಘಟನೆ ಚರಿತ್ರೆಯಲ್ಲಿ ಅಪರೂಪದ್ದು. ಅದು ಹೆಚ್ಚು ದಿನ ಬಾಳಲಿಲ್ಲ.

ಮಕ್ಕಳು ನೋಡಿದ್ದನ್ನು ಬಿಡುವುದಿಲ್ಲ. ಮೌನದ ನಿಮಿಷದಲ್ಲಿ ಒಂದು ಸಾಲಿನವರು ಎಡಕ್ಕೆ ತಿರುಗತೊಡಗಿದರು. ಮರುದಿನ ಎರಡು ಸಾಲು. ವಾರದ ಕೊನೆಗೆ ಇಡೀ ಮೈದಾನ ಎಡಕ್ಕೆ, ಬಲಕ್ಕೆ, ಕೆಳಕ್ಕೆ, ಎದೆಗೆ. ಡ್ರಿಲ್ ತರಗತಿಯಲ್ಲಿ ಇಷ್ಟು ವರ್ಷ ಬರದಿದ್ದ ಶಿಸ್ತು ಅದರಲ್ಲಿತ್ತೆಂದು ಇವರಿಗೆ ಒಳಗೊಳಗೇ ಹೆಮ್ಮೆ ಬೇರೆ. ಮನೆಗೆ ಹೋದ ಮಕ್ಕಳು ಊಟಕ್ಕೆ ಕೂರುವ ಮುಂಚೆ ಹಾಗೇ ಮಾಡಿದರು. ಮೆಡಿಕಲ್ ಶಾಪಿನವರ ಮಗ ಎಡಕ್ಕೂ ಬಲಕ್ಕೂ ತಿರುಗಿದ್ದನ್ನು ಕಂಡು ಅವನ ತಂದೆ ತಟ್ಟೆ ಕೆಳಗಿಟ್ಟರು. ಟೈಲರನ ಮಗಳು ಎದೆಯ ಮೇಲೆ ಕೈಯಿಟ್ಟದ್ದನ್ನು ಕಂಡು ಅವಳ ತಂದೆ ಕತ್ತರಿ ಕೆಳಗಿಟ್ಟ.

ಅವತ್ತು ಸಂಜೆ ಶಾಲೆಯ ಗೇಟಿನಲ್ಲಿ ಇಬ್ಬರೂ ಎದುರೆದುರಾದರು. ನಾನು ಅಲ್ಲೇ ಇದ್ದೆ, ಇವರನ್ನು ಕರೆದುಕೊಂಡು ಹೋಗಲು ಬಂದಿದ್ದೆ. ಆ ದಿನಗಳಲ್ಲಿ ಇವರನ್ನು ಒಬ್ಬರೇ ಬೀದಿಯಲ್ಲಿ ಬಿಡಲು ನನಗೆ ಧೈರ್ಯವಿರಲಿಲ್ಲ.

"ನಿಮ್ಮ ಮೇಷ್ಟ್ರಿಗೆ ಹೇಳಿ, ನಮ್ಮ ಹುಡುಗನ ತಲೆ ತಿರುಗಿಸೋದು ಬೇಡ ಅಂತ!" ಎಂದರು ಮೆಡಿಕಲ್ ಶಾಪಿನವರು.

"ನಮ್ಮ ಮೇಷ್ಟ್ರಾ? ಕೆಮ್ಮಿನ ಡಬ್ಬಿ ಕೊಟ್ಟು ಬುಟ್ಟಿಗೆ ಹಾಕ್ಕೊಂಡಿದ್ದು ಯಾರು?"

"ಗುಂಡಿ ಹಾಕಿಕೊಟ್ಟಿದ್ದು ಯಾರು?"

"ಗುಂಡಿಗೆ ಮತ ಇಲ್ಲ!"

"ಹಂಗಾದ್ರೆ ಕೆಮ್ಮಿಗೆ ಇದೆಯಾ?"

ಮರುದಿನವೇ ಇಬ್ಬರೂ ಒಂದೊಂದು ದೂರು ಕೊಟ್ಟರು. ಪಕ್ಕದ ಅಂಗಡಿಯವನ ಪ್ರಾರ್ಥನೆಯನ್ನು ನಮ್ಮ ಮಗುವಿಗೆ ಕಲಿಸುತ್ತಿದ್ದಾರೆ ಎಂದು. ದೂರುಗಳು ಎಷ್ಟು ಒಂದೇ ಥರ ಇದ್ದವೆಂದರೆ, ನಮ್ಮ ಮುದ್ರಣಾಲಯದಲ್ಲಾದರೆ ಒಂದೇ ಸಲ ಅಚ್ಚು ಜೋಡಿಸಿ ಎರಡು ಪ್ರತಿ ತೆಗೆಯುತ್ತಿದ್ದರು.

ಸುದ್ದಿ ಇವರ ಅಕ್ಕನ ಊರಿಗೂ ಮುಟ್ಟಿತು. ಫೋನು ಬಂತು. ಅಳು ಮೊದಲು, ಮಾತು ಆಮೇಲೆ.

"ನಿಜ ಹೇಳಮ್ಮ, ನನ್ನ ತಮ್ಮ ಯಾವುದಕ್ಕೆ ಸೇರ್ಕೊಂಡ?"

"ಯಾವುದಕ್ಕೂ ಸೇರಿಲ್ಲ ಅತ್ತಿಗೆ. ಅದು ನಲ್ಲಿ."

"ನಲ್ಲಿಯವರು ಅಂದ್ರೆ ಯಾವ ಕಡೆಯವರು? ನಾನು ಕೇಳೇ ಇಲ್ವಲ್ಲ. ಹೊಸದಾಗಿ ಬಂದಿದ್ದಾ?"

"ಅತ್ತಿಗೆ, ಬಚ್ಚಲಿನ ನಲ್ಲಿ. ನೀರು ಬರುತ್ತಲ್ಲ, ಆ ನಲ್ಲಿ."

ಆ ಕಡೆ ಮೂಗು ಒರೆಸಿಕೊಂಡ ಸದ್ದು. ಕೊನೆಗೆ ಮೆಲ್ಲಗೆ, "ಅಷ್ಟು ಕೆಟ್ಟುಹೋಯ್ತಾ ಅವನ ತಲೆ?" ಎಂದರು.

ಹೆಡ್ ಮಿಸ್ಸು ಇವರನ್ನು ಕೋಣೆಗೆ ಕರೆಸಿದರು. ಇಷ್ಟು ಹೊತ್ತಿಗೆ ಇವರಿಗೂ ಬುದ್ಧಿ ಬಂದಿತ್ತು. ಮನೆ ಹೋದರೆ ಹೋಗಲಿ, ನಿಜ ಹೇಳಿಬಿಡುತ್ತೇನೆ ಎಂದು ನನಗೆ ಮಾತು ಕೊಟ್ಟು ಹೋಗಿದ್ದರು. ನಾನು ಕೋಣೆಯ ಹೊರಗಿನ ಬೆಂಚಿನಲ್ಲಿ ಬ್ಯಾಗು ತಬ್ಬಿಕೊಂಡು ಕುಳಿತಿದ್ದೆ.

"ಮೇಡಂ, ನಾನು ಆ ನಿಮಿಷದಲ್ಲಿ ನೆನೆಸ್ತಿದ್ದದ್ದು..."

"ಹೇಳಬೇಡಿ!" ಕುರ್ಚಿ ಹಿಂದಕ್ಕೆ ಸರಿದ ಸದ್ದು. "ದಯವಿಟ್ಟು ಹೇಳಬೇಡಿ ಮೇಷ್ಟ್ರೇ. ನೀವು ಹೇಳಿದ್ರೆ ನಾನು ಕೇಳಿದ ಹಾಗಾಗುತ್ತೆ. ಕೇಳಕೂಡದು ಅಂತ ಗೋಡೆ ಮೇಲೆ ಬರೆಸಿದವಳೇ ನಾನು."

"ನೀವು ಕೇಳಿಲ್ವಲ್ಲ ಮೇಡಂ, ನಾನಾಗೇ ಹೇಳ್ತಿದೀನಿ. ಅದು ಬರೀ..."

"ನನ್ನ ಕಿವಿ ಮುಚ್ಚಿದೆ!"

"ಬಚ್ಚಲು ಮೇಡಂ!"

"ಏನೂ ಕೇಳಿಸ್ತಿಲ್ಲ! ಮೇಲಿನಿಂದ ಅಧಿಕಾರಿ ಬರ್ತಾರೆ, ವಿಚಾರಣೆ ಮಾಡ್ತಾರೆ. ತಪ್ಪು ಅಂತ ಕಂಡ್ರೆ ಕೆಲಸದಿಂದ ತೆಗೀತಾರೆ. ನಾನು ಏನು ಮಾಡ್ಲಿ ಹೇಳಿ? ಅಯ್ಯೋ, ಹೇಳಬೇಡಿ!"

ಎಲ್ಲರೂ ತಿಳಿಯಲು ಒದ್ದಾಡುತ್ತಿದ್ದಾಗ ಇವರು ಹೇಳಲಿಲ್ಲ. ಈಗ ಇವರು ಹೇಳಲು ಒದ್ದಾಡುತ್ತಿದ್ದರೆ ಕೇಳಿಸಿಕೊಳ್ಳುವ ಅಧಿಕಾರ ಯಾರಿಗೂ ಇಲ್ಲ.

ವಿಚಾರಣೆ ನಡೆದದ್ದು ಶಿಶು ತರಗತಿಯಲ್ಲಿ. ದೊಡ್ಡ ಕೋಣೆಗಳಲ್ಲೆಲ್ಲ ಪರೀಕ್ಷೆ ನಡೆಯುತ್ತಿತ್ತು. ಗೋಡೆಯ ತುಂಬ ಆನೆ, ಒಂಟೆ, ಛತ್ರಿ ಹಿಡಿದ ಇಲಿ. ಅಧಿಕಾರಿಗೆ ಟೀಚರ ಕುರ್ಚಿ ಸಿಕ್ಕಿತು. ಉಳಿದವರೆಲ್ಲ ಮಕ್ಕಳ ಬೆಂಚಿನಲ್ಲಿ, ಮಂಡಿ ಗಲ್ಲಕ್ಕೆ ತಾಗುವಂತೆ. ಮೆಡಿಕಲ್ ಶಾಪಿನವರು ಒಂದು ತುದಿ, ಟೈಲರ್ ಇನ್ನೊಂದು ತುದಿ, ನಡುವೆ ಹೆಡ್ ಮಿಸ್ಸು. ಇವರ ನಡತೆಗೆ ಸಾಕ್ಷಿ ಹೇಳಲೆಂದು ಓನರಮ್ಮ ತಾವಾಗಿಯೇ ಬಂದಿದ್ದರು. ಮನೆಯವರ ಹೇಳಿಕೆ ಬೇಕೆಂದು ನನ್ನನ್ನೂ ಕರೆಸಿದ್ದರು. ನಾನು ಇವರ ಹಿಂದಿನ ಬೆಂಚಿನಲ್ಲಿ ಕುಳಿತು ಇವರ ಕತ್ತಿನ ಬೆವರನ್ನೇ ನೋಡುತ್ತಿದ್ದೆ.

ಅಧಿಕಾರಿ ಬಹಳ ಎಚ್ಚರದ ಮನುಷ್ಯ. ಮಾತನ್ನು ಬಿಸಿ ಪಾತ್ರೆಯ ಹಾಗೆ ಬಟ್ಟೆ ಸುತ್ತಿ ಇಳಿಸುತ್ತಿದ್ದರು.

"ತಾವು ಏನು ನೆನೆದಿರಿ ಅಂತ ನಾನು ಕೇಳ್ತಿಲ್ಲ. ಅದು ತಮ್ಮ ಸ್ವಾತಂತ್ರ್ಯ. ತಾವು ತುಟಿ ಅಲುಗಿಸಿದ್ರಾ ಅಂತ ಕೇಳಬಹುದು. ಅಲುಗಿಸಿದ್ರೆ ಅದು ಮೌನವಲ್ಲ. ಮಕ್ಕಳ ಮುಂದೆ ಶಿಕ್ಷಕ ಮಾಡಿದ ಪ್ರಾರ್ಥನೆ ಆಗುತ್ತೆ. ಅಲುಗಿಸಿದ್ರಾ?"

"ಸರ್, ಅಲುಗಿದ್ದು ನಿಜ. ಆದ್ರೆ ಅದು ಪ್ರಾರ್ಥನೆ ಅಲ್ಲ."

"ಅದು ಏನು ಅಂತ ಹೇಳಬೇಡಿ."

ನನಗೆ ತಡೆಯಲಾಗಲಿಲ್ಲ. ಇವರ ಕೆಲಸ ನನ್ನ ಕಣ್ಣೆದುರೇ ಹೋಗುತ್ತಿತ್ತು. ಎದ್ದು ನಿಂತೆ, ಆ ಬೆಂಚಿನಿಂದ ಏಳುವುದು ಮರ್ಯಾದೆಯ ದೃಶ್ಯವಾಗಿರಲಿಲ್ಲ.

"ಸರ್, ಅದು ನಲ್ಲಿ! ಬಚ್ಚಲಿನ ನಲ್ಲಿ ನಿಲ್ಲಿಸಿದ್ರೋ ಇಲ್ವೋ ಅಂತ ಇವರಿಗೆ ಅನುಮಾನ. ಅಷ್ಟೇ ಸರ್."

"ತಾಯೀ, ಆರಾಧನೆಯ ವಸ್ತು ಯಾವುದು ಅಂತ ಬಯಲು ಮಾಡಬೇಡಿ."

"ನಲ್ಲಿ ಆರಾಧನೆಯ ವಸ್ತು ಅಲ್ಲ ಸರ್!"

"ಅದನ್ನ ತೀರ್ಮಾನಿಸೋ ಅಧಿಕಾರ ಸರ್ಕಾರಕ್ಕಿಲ್ಲ," ಎಂದರು ಅಧಿಕಾರಿ, ವಿನಯದಿಂದ.

ಓನರಮ್ಮ ಮೆಲ್ಲಗೆ ತಿರುಗಿದರು. "ನಲ್ಲಿನಾ? ಮೇಷ್ಟ್ರೇ, ಹಂಗಾದ್ರೆ ನನ್ನ ಮಂಡಿ?"

"ಅದನ್ನೂ ನೆನೆಸ್ಕೊಂಡೆ ಓನರಮ್ಮ. ನಲ್ಲಿ ಆದಮೇಲೆ."

"ನಲ್ಲಿ ಆದಮೇಲೆ ನನ್ನ ಮಂಡಿನಾ!"

"ಎಲ್ಲಾ ಸುಳ್ಳು," ಎಂದರು ಮೆಡಿಕಲ್ ಶಾಪಿನವರು. "ನಲ್ಲಿಗೆ ಯಾರಾದ್ರೂ ಎದೆ ಮೇಲೆ ಕೈ ಇಡ್ತಾರಾ?"

"ನಲ್ಲಿಗೆ ಯಾರಾದ್ರೂ ತಲೆ ಬಗ್ಗಿಸ್ತಾರಾ?" ಎಂದ ಟೈಲರ್. ಜೀವಮಾನದಲ್ಲಿ ಮೊದಲ ಬಾರಿಗೆ ಇಬ್ಬರೂ ಒಂದೇ ಪಕ್ಷದಲ್ಲಿದ್ದರು. ಅದು ಇಬ್ಬರಿಗೂ ಏಕಕಾಲಕ್ಕೆ ಗೊತ್ತಾಗಿ, ಮುಖ ತಿರುಗಿಸಿಕೊಂಡರು.

ಅಧಿಕಾರಿ ಪೆನ್ನಿನಿಂದ ಮೇಜು ತಟ್ಟಿದರು. ಒಂದೇ ದಾರಿ ಇದೆ ಎಂದರು. ಇಲ್ಲಿಯೇ, ಈಗಲೇ, ಒಂದು ಮೌನದ ನಿಮಿಷ ಆಚರಿಸೋಣ. ಮೇಷ್ಟ್ರು ತುಟಿ ಅಲುಗಿಸದೆ ಇರಬಲ್ಲರಾದರೆ, ಅವತ್ತಿನದು ಕೇವಲ ಒಂದು ಅಚಾತುರ್ಯ ಎಂದು ಬರೆಯುತ್ತೇನೆ. ಅಲುಗಿದರೆ, ಅದು ಅವರ ರೂಢಿ, ಶಾಲೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

"ಆದರೆ," ಎಂದು ಅವರು ತಡವರಿಸಿದರು, "ಆದೇಶದ ಪ್ರಕಾರ ನಾನೂ ಕಣ್ಣು ಮುಚ್ಚಬೇಕು. ಯಾರಾದ್ರೂ ಒಬ್ಬರು ನೋಡ್ತಿರಬೇಕಲ್ಲ."

ಟೈಲರ್ ನೋಡುವುದಕ್ಕೆ ಮೆಡಿಕಲ್ ಶಾಪಿನವರು ಒಪ್ಪಲಿಲ್ಲ, ಮೆಡಿಕಲ್ ಶಾಪಿನವರಿಗೆ ಟೈಲರ್ ಒಪ್ಪಲಿಲ್ಲ. ಹೆಡ್ ಮಿಸ್ಸು ನನ್ನನ್ನು ಬಿಟ್ಟುಬಿಡಿ ಎಂದು ಕೈ ಮುಗಿದರು. ಓನರಮ್ಮನಿಗೆ ಕನ್ನಡಕವಿರಲಿಲ್ಲ. ಎಲ್ಲರ ದೃಷ್ಟಿಯೂ ನನ್ನ ಮೇಲೆ ಬಂದು ನಿಂತಿತು.

"ಹೆಂಡತಿಯಾ?" ಎಂದರು ಅಧಿಕಾರಿ.

"ಸರ್, ಗಂಡನ ತಪ್ಪು ಹಿಡಿಯೋದ್ರಲ್ಲಿ ಹೆಂಡತಿಗಿಂತ ಚುರುಕು ಕಣ್ಣು ಯಾರಿಗಿದೆ?" ಎಂದರು ಮೆಡಿಕಲ್ ಶಾಪಿನವರು, ಅನುಭವದಿಂದ.

"ಅದೂ ಗಂಡನ್ನ ಸಭೇಲಿ ನಲ್ಲಿ ಪೂಜಾರಿ ಮಾಡಿದೋರು," ಎಂದ ಟೈಲರ್. "ನನಗೆ ಒಪ್ಪಿಗೆ."

ಅಧಿಕಾರಿ ಶುರು ಎಂದರು. ಎಲ್ಲರೂ ಕಣ್ಣು ಮುಚ್ಚಿದರು. ಆ ಕೋಣೆಯಲ್ಲಿ ತೆರೆದ ಕಣ್ಣು ನನ್ನದು ಮತ್ತು ಗೋಡೆಯ ಮೇಲಿನ ಇಲಿಯದು ಮಾತ್ರ.

ನಾನು ಮುಂದೆ ಬಂದು ಇವರ ಮುಖ ನೋಡಿದೆ. ತುಟಿಗಳನ್ನು ಹೊಲಿದುಬಿಟ್ಟಂತೆ ಬಿಗಿದಿದ್ದರು. ಕಿವಿ ಕೆಂಪಾಗಿತ್ತು. ಎದೆಯ ಕಡೆ ಹೋಗಲು ಎದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಮಂಡಿಯ ಮೇಲೆ ಅದುಮಿಟ್ಟಿದ್ದರು. ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನನಗೆ ದಿಗಿಲಾಯಿತು. ಈಗ ಅಲುಗುತ್ತದೆ, ಈಗ ಅಲುಗುತ್ತದೆ ಎಂದು ರೆಪ್ಪೆ ಬಡಿಯದೆ ನೋಡಿದೆ. ಎಡ ಹುಬ್ಬು ಒಮ್ಮೆ ಕುಣಿಯಿತು. ತುಟಿ ಅಲುಗಲಿಲ್ಲ.

ಆಗ ಪಕ್ಕದಲ್ಲಿ ಏನೋ ಪಿಸಪಿಸ ಅಂದಂತಾಯಿತು. ನೋಡಿದೆ. ಓನರಮ್ಮ ಮಂಡಿ ಸವರುತ್ತಾ ತುಟಿ ಅಲುಗಿಸುತ್ತಿದ್ದರು. ಮೆಡಿಕಲ್ ಶಾಪಿನವರ ಕೈ ತಾನಾಗಿ ಎದೆಗೆ ಹೋಗಿತ್ತು. ಮೀಸೆಯ ಕೆಳಗೆ ಏನೋ ಸರಸರ ಓಡುತ್ತಿತ್ತು. ಟೈಲರ್ ತಲೆಬಾಗಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಪಿಸುಗುಡುತ್ತಿದ್ದ. ಹೆಡ್ ಮಿಸ್ಸಿನ ತುಟಿ ನಡುಗುತ್ತಿತ್ತು. ಅವರು ಯಾರಿಗೋ ಬಹಳ ದೈನ್ಯದಿಂದ ಏನನ್ನೋ ಒಪ್ಪಿಸುತ್ತಿದ್ದಂತಿತ್ತು. ಕೊನೆಗೆ ಅಧಿಕಾರಿಯ ಕಡೆ ತಿರುಗಿದೆ. ಅವರ ತುಟಿಗಳು ಆ ಕೋಣೆಯಲ್ಲೇ ಎಲ್ಲಕ್ಕಿಂತ ವೇಗವಾಗಿ ಆಡುತ್ತಿದ್ದವು.

ನಿಮಿಷ ಮುಗಿದಿರಬೇಕು. ಆದರೆ ಗಡಿಯಾರವಿದ್ದವರೆಲ್ಲ ಕಣ್ಣು ಮುಚ್ಚಿದ್ದರು, ಪೀಪಿಯಿದ್ದವರಿಗೆ ತುಟಿ ತೆರೆಯಲು ಭಯ. ಮುಗಿಸುವವರೇ ಇರಲಿಲ್ಲ. ನಾನು ಇನ್ನೂ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಆ ಬೀದಿಯ ಜನ ಇಷ್ಟು ಹತ್ತಿರ ಕುಳಿತು ಇಷ್ಟು ಹೊತ್ತು ಜಗಳವಾಡದೆ ಇದ್ದದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಇವರ ಮುಖ ನೀಲಿಗೆ ತಿರುಗುವುದು ಕಂಡು ಡಸ್ಟರ್ ಎತ್ತಿ ಮೇಜಿಗೆ ಬಡಿದೆ.

ಎಲ್ಲರೂ ಬೆಚ್ಚಿ ಕಣ್ಣು ಬಿಟ್ಟರು. ಮೆಡಿಕಲ್ ಶಾಪಿನವರು ಎದೆಯ ಮೇಲಿನ ಕೈಯಿಂದ ಇಲ್ಲದ ಧೂಳು ಕೊಡವಿದರು.

"ಸಾಕ್ಷಿ ಹೇಳಿ," ಎಂದರು ಅಧಿಕಾರಿ. "ಯಾರ ತುಟಿ ಅಲುಗಿತು?"

ಹೆಡ್ ಮಿಸ್ಸು ನನ್ನನ್ನು ನೋಡಿದರು. ಟೈಲರ್ ನೆಲ ನೋಡಿದ. ಓನರಮ್ಮ ಛಾವಣಿ ನೋಡಿದರು. ಪ್ರಶ್ನೆ ಬಾಯಿಂದ ಹೊರಬಿದ್ದ ಮೇಲೆ ಅಧಿಕಾರಿಗೂ ಅದರ ಉದ್ದಗಲ ಹೊಳೆದಿರಬೇಕು. ಕೈ ಮೆಲ್ಲಗೆ ತಮ್ಮ ಬಾಯಿಯ ಹತ್ತಿರ ಹೋಯಿತು.

ನಾನು ಪದಗಳನ್ನು ಅಳೆದು ತೂಗಿ ಹೇಳಿದೆ. "ನಮ್ಮ ಯಜಮಾನರ ತುಟಿ ಅಲುಗಲಿಲ್ಲ ಸರ್."

"ಉಳಿದವರದ್ದು?" ಎಂದರು ಅಧಿಕಾರಿ. ಧ್ವನಿ ಇಳಿದಿತ್ತು.

"ಅದು ಅವರವರ ನಿಮಿಷ ಅಲ್ವಾ ಸರ್. ಗೋಡೆ ಮೇಲೆ ಬರೆದಿದೆಯಲ್ಲ."

ಅಧಿಕಾರಿ ನನ್ನನ್ನೇ ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಎರಡು ಸಾಲು ಬರೆದರು, ಮತ್ತೆ ಹಾಕಿದರು. "ಮೌನವನ್ನು ಮೇಷ್ಟ್ರು ಸರಿಯಾಗಿ ಪಾಲಿಸಬಲ್ಲರು ಅಂತ ಸಾಬೀತಾಗಿದೆ. ಆರೋಪ ವಜಾ. ಮೌನದ ನಿಮಿಷ ಎಂದಿನಂತೆ ಇರಲಿ. ಅದು..." ಎಂದು ನಿಲ್ಲಿಸಿ, "ಅದು ಜನಕ್ಕೆ ಬೇಕಾಗುತ್ತೆ," ಎಂದರು. ಮೆಡಿಕಲ್ ಶಾಪಿನವರೂ ಟೈಲರೂ ಒಟ್ಟಿಗೆ ಕೆಮ್ಮಿ ಒಪ್ಪಿದರು. ಹೆಡ್ ಮಿಸ್ಸು ಹೊರಗೆ ಬರುವಾಗ ನನ್ನ ಕೈ ಹಿಡಿದು, "ಕಾಯಂ ವಿಷಯ ನಾನು ನೋಡ್ಕೋತೀನಿ ಕಣಮ್ಮ, ನೀವು ಯೋಚನೆ ಮಾಡಬೇಡಿ," ಎಂದರು. ಯೋಚನೆ ಮಾಡಬೇಡಿ ಎಂದು ಯಾರಾದರೂ ಹೇಳಿದ ಕೂಡಲೇ ನನಗೆ ಯೋಚನೆ ಶುರುವಾಗುತ್ತದೆ. ಆದರೂ ಅವತ್ತು ಅವರ ಕೈ ಬೆಚ್ಚಗಿತ್ತು.

ಮೈದಾನ ದಾಟುವವರೆಗೆ ಇವರು ಬರೀ ಉಸಿರಾಡಿದರು, ಇಡೀ ವಾರದ್ದನ್ನು ಒಟ್ಟಿಗೆ. ಗೇಟಿನ ಹತ್ತಿರ ನಿಂತು ನನ್ನ ತೋಳು ಮುಟ್ಟಿದರು.

"ಒಂದು ವಿಷಯ ಹೇಳ್ತೀನಿ. ಬೈಬೇಡ."

"ಏನಾಯ್ತು ರೀ?"

"ಒಳಗೆ, ಆ ನಿಮಿಷದಲ್ಲಿ, ನಾನು ಪ್ರಾರ್ಥನೆ ಮಾಡಿಬಿಟ್ಟೆ."

"ಅಯ್ಯೋ! ಏನಂತ?"

"ತುಟಿ ಅಲುಗದೇ ಇರಲಿ ಅಂತ."

"ಯಾರಿಗೆ ಮಾಡಿದ್ರಿ?"

ಇವರು ತಬ್ಬಿಬ್ಬಾದರು. "ವಿಳಾಸ ಹಾಕಲಿಲ್ಲ ಕಣೇ. ಯಾರಿಗೆ ಸಿಕ್ಕಿದ್ರೂ ಪರವಾಗಿಲ್ಲ ಅಂದ್ಕೊಂಡೆ."

ನಾನು ತಿರುಗಿ ನೋಡಿದೆ. ಮೆಡಿಕಲ್ ಶಾಪಿನವರೂ ಟೈಲರೂ ನಮ್ಮ ಹಿಂದೆಯೇ ಬರುತ್ತಿದ್ದರು, ಗೋಡೆಯ ಮೊಳೆಯ ಬಗ್ಗೆ ಮಾತಾಡುತ್ತಾ. ಇನ್ನೂ ನಾಲ್ಕು ಹೆಜ್ಜೆ ಹತ್ತಿರ ಬಂದರೆ ನಮ್ಮ ಮಾತು ಕೇಳುತ್ತಿತ್ತು.

"ಸಿಕ್ತು ಅನ್ಸುತ್ತೆ, ಅಲ್ವಾ?" ಎಂದರು ಇವರು, ಸಂತೋಷ ತಡೆಯಲಾರದೆ.

"ಬಾಯಿ ಮುಚ್ಚಿಕೊಂಡು ನಡೀರಿ," ಎಂದೆ.